ಹೆಣ್ಣೊಪ್ಪಿಸುವ ಹಾಡಿನ ಕೊನೆಯ ಚರಣ

ನನ್ನ ಗಂಡ ಜೌದತ್ ಊದ್ ವಾದ್ಯ ಹಿಡಿದು ಹಾಡಲು ಕೂತರೆ ನಾಬ್ಲುಸ್‌ನ ನಮ್ಮ ನಿರಾಶ್ರಿತರ ಕೇರಿಯಲ್ಲಿ ಅಡುಗೆ ಸೀಯುತ್ತದೆ. ಹೆಂಗಸರು ಒಲೆ ಬಿಟ್ಟು ಕಿಟಕಿಗೆ ಬಂದು ನಿಲ್ಲುತ್ತಾರೆ. ಹಗಲೆಲ್ಲ ಬಡಗಿ ಕೆಲಸ, ಸಂಜೆಯಾದರೆ ಹಾಡು. ಮದುವೆಮನೆಗೆ ಸ್ಪೀಕರ್ ಪೆಟ್ಟಿಗೆ ಬಂದಮೇಲೂ ಆಸಾಮಿ ಬಿಡಲಿಲ್ಲ. ಮುದುಕಿಯರ ಬೆನ್ನು ಹತ್ತಿ, ನಾವು ಕಳೆದುಕೊಂಡ ಹಳ್ಳಿಗಳ ಹಾಡುಗಳನ್ನು ಕಲಿತರು. ನಾನು ಹೇಳಿದ ತರಕಾರಿ ಮರೆತು ಬರುತ್ತಾರೆ, ಹಾಡಿನ ಒಂದಕ್ಷರ ಮರೆಯುವುದಿಲ್ಲ.

ನಮ್ಮತ್ತೆಯ ಹಳ್ಳಿಯಲ್ಲಿ ಹೆಣ್ಣೊಪ್ಪಿಸುವಾಗ ಒಂದು ಹಾಡಿತ್ತು. ಮೂರು ಚರಣ ತಾಯಿಯದು, ಕೊನೆಯದು ಮಗಳ ಉತ್ತರ. ಆ ಉತ್ತರ ಹಾಡದೆ ಮಗಳು ಹೊಸಿಲು ದಾಟುವಂತಿರಲಿಲ್ಲ. ಹಳ್ಳಿ ಈಗಿಲ್ಲ. ಮೂರು ಚರಣ ಅತ್ತೆಯಿಂದ ಸಿಕ್ಕವು. ನಾಲ್ಕನೆಯದು ಗೊತ್ತಿದ್ದದ್ದು ಅದೇ ಹಳ್ಳಿಯ ಫಿದ್ದಾ ಅಜ್ಜಿಗೆ ಮಾತ್ರ. ನಮ್ಮ ಮಗಳು ಸಮಾಹಳ ಮದುವೆಗೆ ಅದನ್ನು ಪೂರ್ತಿ ಹಾಡಬೇಕೆಂದು ಇವರ ಆಸೆ. ಕಲಿಸಲು ಅಜ್ಜಿಯೂ ಒಪ್ಪಿದ್ದರು. ಅಷ್ಟರಲ್ಲಿ ಅಜ್ಜಿಯ ಮಗ ತೀರಿಕೊಂಡ.

ಸಾವಾದ ಮನೆಯಲ್ಲಿ ವರ್ಷವಿಡೀ ಹಾಡಿಲ್ಲ, ಕಾಫಿಗೆ ಸಕ್ಕರೆಯಿಲ್ಲ. ಇವರು ಪ್ರತಿ ಶುಕ್ರವಾರ ಹೋಗಿ, ಕಹಿ ಕಾಫಿ ಕುಡಿದು, ಹೋದ ಹಾಗೇ ಬರುತ್ತಿದ್ದರು.

"ಕೇಳಿದ್ರಾ?" ಎಂದೆ ಒಂದು ಶುಕ್ರವಾರ.

"ಮಗನ್ನ ಮಣ್ಣು ಮಾಡಿ ಕೂತವರ ಹತ್ರ ಮದುವೆ ಹಾಡು ಕೇಳೋದೇನೇ? ವರ್ಷ ಕಳೀಲಿ."

"ಅಜ್ಜಿಗೆ ತೊಂಬತ್ತಾಯ್ತು! ಅಳದಿದ್ರೆ ತಾಯಿನೂ ಹಾಲು ಕೊಡಲ್ಲ ಕಣ್ರೀ. ಹಾಡೋದು ಬೇಡ, ಬರೀ ಮಾತಲ್ಲಿ ಹೇಳಿಸ್ಕೊಳ್ಳಿ."

"ನಿಂಗೆ ಮರ್ಯಾದೆ ಅನ್ನೋದು ಗೊತ್ತಾ?"

"ಆ ಮರ್ಯಾದೇನ ಉಪ್ಪಿನಕಾಯಿ ಹಾಕ್ಕೊಳ್ಳಿ!"

ವರ್ಷ ತುಂಬುವ ಮೊದಲೇ ಅಜ್ಜಿ ಹೋಗಿಬಿಟ್ಟರು.

ದುಃಖ ಕೇಳಲು ಇಬ್ಬರೂ ಹೋದೆವು. ಅಜ್ಜಿಯ ಮಗಳು ನಝೀರಾ ಕಾಫಿ ಕೊಟ್ಟು, ಅಲ್ಲೇ ಕೂತಳು.

"ಜೌದತಣ್ಣ, ಶುಕ್ರವಾರ ಬಂತೂಂದ್ರೆ ಅಮ್ಮ ಬೆಳಿಗ್ಗೆಯಿಂದ ನಿಮ್ಮ ದಾರಿ ಕಾಯ್ತಿದ್ಲು. ಇವತ್ತಾದ್ರೂ ಹಾಡು ಕೇಳ್ತಾನೇನೋ ಅಂತ. ತಾನಾಗೇ ಹೇಳಿದ್ರೆ, ಮಗ ಸತ್ತ ಮನೇಲಿ ಹಾಡಾ ಅಂತ ಜನ ಆಡ್ಕೋತಾರೆ ಅಂತ ಸಂಕೋಚ. ನೀವು ಎದ್ದು ಹೋದ್ಮೇಲೆ, 'ಪಾಪ, ಅವನಿಗೀಗ ಅದು ಬೇಡವೇನೋ' ಅಂತಿದ್ಲು. ಯಾಕಣ್ಣ ಕೇಳ್ಲಿಲ್ಲ?"

ಇವರು ಕಾಫಿ ಕೆಳಗಿಟ್ಟರು. "ನಿಂಗೆ ಬರುತ್ತೇನಮ್ಮಾ ಆ ಚರಣ?"

"ಇಲ್ಲಣ್ಣ. ನನ್ನ ಮದುವೆ ದಿನ ಕರ್ಫ್ಯೂ. ಯಾರೂ ಹಾಡ್ಲಿಲ್ಲ."

"ನಾನು ಬಡ್ಕೊಂಡಿರ್ಲಿಲ್ವಾ" ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಇವರ ಮುಖ ನೋಡಿ ನುಂಗಿಕೊಂಡೆ. ಅಜ್ಜಿ, ಇವರು, ಇಬ್ಬರೂ ಎಂಥಾ ಸಂಕೋಚದ ಮಂದಿ!

ಮದುವೆ ಹತ್ತಿರ ಬಂದಾಗ ನನ್ನ ತಮ್ಮ, "ನೀವೇ ಒಂದು ಚರಣ ಕಟ್ಟಿ ಭಾವಾ, ಯಾರಿಗೆ ಗೊತ್ತಾಗುತ್ತೆ?" ಎಂದ.

"ಕಟ್ಟಬಹುದಪ್ಪ. ಅದು ನನ್ನದಾಗುತ್ತೆ, ಊರಿನದಾಗಲ್ಲ," ಎಂದರು ಇವರು.

ಮಗಳು ಹೊರಡುವ ಹೊತ್ತಿಗೆ ಇವರು ಮೂರು ಚರಣ ಹಾಡಿದರು. ಕೇರಿಗೆ ಕೇರಿಯೇ ಅತ್ತಿತು. ಆಮೇಲೆ ತಂತಿಯ ಮೇಲೆ ಕೈ ನಿಂತಿತು. ಗೋರಂಟಿ ಹಚ್ಚಿದ ಕೈಯಲ್ಲಿ ಬಾಗಿಲು ಹಿಡಿದು ಸಮಾಹ್ ಹೊಸಿಲ ಒಳಗೇ ನಿಂತಳು, ಕಾಯುತ್ತ.

"ನನ್ನ ಉತ್ತರ, ಅಪ್ಪಾ?"

"ಅದು ನನ್ನ ಹತ್ರ ಇಲ್ಲ, ಮಗಳೇ. ಹಾಗೇ ದಾಟು."