ಎಡಗೈಯ ಮಡಿಕೆ

ನನ್ನ ತಮ್ಮ ಎಡಚ. ಚಿಕ್ಕವನಿದ್ದಾಗ ಆ ಕೈಗೆ ಅಪ್ಪ ಕೊಟ್ಟ ಏಟು ಒಂದೆರಡಲ್ಲ. ನಾಯಿ ಬಾಲ ಡೊಂಕೇ ಎಂದು ಕೊನೆಗೆ ಅಪ್ಪನೇ ಸೋತ. ಅದೇ ಎಡಗೈಯಲ್ಲಿ ಅವನು ಮೂವತ್ತು ವರ್ಷ ಈ ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿದ. ಅವನು ತೆಗೆದ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ಜನ ತಮಾಷೆ ಮಾಡುತ್ತಿದ್ದರು. ಮಕ್ಕಳ ಬಾಯಲ್ಲಿ ಅವನು ಗೆರೆಮಾಮ. ಮದುವೆ ಮಾತೆತ್ತಿದರೆ, “ಸುಕ್ಕು ತೆಗೆಯೋದೇ ನನ್ನ ಕೆಲಸ, ಮನೇಲೂ ಒಂದು ಸುಕ್ಕು ಯಾಕಕ್ಕ?” ಎನ್ನುತ್ತಿದ್ದ. ಗಂಡ ತೀರಿಹೋದ ಮೇಲೆ ನಾನು ಅವನ ಜೊತೆಗೇ ಇದ್ದೇನೆ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ.

ಹೋದ ವರ್ಷ ಅವನ ಕಾಲಿನ ಒಂದು ಸಣ್ಣ ಗಾಯ ಕೀವಾಗಿ, ನಂಜು ರಕ್ತಕ್ಕೇರಿತು. ಇಪ್ಪತ್ತಾರು ದಿನ ಐಸಿಯುನಲ್ಲಿದ್ದ. ಅದರಲ್ಲಿ ಹನ್ನೊಂದು ದಿನ ಉಸಿರಾಡಿದ್ದು ಅವನಲ್ಲ, ಮೆಷಿನ್ನು. ಬದುಕಿ ಮನೆಗೇನೋ ಬಂದ, ಆದರೆ ನೀರಿನ ಲೋಟ ಎತ್ತಲೂ ಆಗುತ್ತಿರಲಿಲ್ಲ. ನಾನೇ ಉಣ್ಣಿಸಿದೆ, ಗುಂಡಿ ಹಾಕಿದೆ, ಸ್ನಾನ ಮಾಡಿಸಿದೆ. ಐವತ್ತೆರಡು ವರ್ಷದ ಗಂಡಸು ಅಕ್ಕನ ಕೈಯಲ್ಲಿ ನೀರು ಹಾಕಿಸಿಕೊಳ್ಳುವಾಗ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ನಾನು ಕಂಡೂ ಕಾಣದವಳ ಹಾಗೆ ಬೀದಿಯ ಸುದ್ದಿ ಹರಟುತ್ತಿದ್ದೆ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಅರ್ಧ ಲೀಟರಿನ ನೀರಿನ ಬಾಟಲಿ ಕೊಟ್ಟು, “ಹತ್ತು ಸಲ ಎತ್ತಿ ಅಂಕಲ್” ಎಂದಳು. ಅವನು ಕೇಳಿದ್ದು ಒಂದೇ ಮಾತು: “ಇಸ್ತ್ರಿಪೆಟ್ಟಿಗೆ ಯಾವಾಗ ಎತ್ತಬಹುದಮ್ಮಾ?” ನಮ್ಮದು ಹಳೇ ಕಾಲದ ಕಬ್ಬಿಣದ್ದು, ಕಲ್ಲಿನಷ್ಟು ಭಾರ. ಅವಳು ನನ್ನ ಮುಖ ನೋಡಿದಳು.

ನಾಲ್ಕು ತಿಂಗಳಿಗೆ ಎತ್ತಿದ. ಎತ್ತಿದ ಅಷ್ಟೆ, ಒತ್ತುವ ಬಲವಿರಲಿಲ್ಲ. ಬೆಳಗ್ಗೆಯೆಲ್ಲ ಬೆವರು ಸುರಿಸಿ ಮೂರು ಅಂಗಿ ಮುಗಿಸುವನು. ತೋಳಿನ ಗೆರೆ ಹಾವು ಹರಿದ ಹಾಗೆ ಇರುತ್ತಿತ್ತು.

“ಹೇಗಿದೆ ಅಕ್ಕ?”

“ಮೊದಲಿನ ಹಾಗೇ ಇದೆ ಬಿಡೋ.”

ಮಧ್ಯಾಹ್ನ ಅವನು ಮಲಗಿದ ಮೇಲೆ ಮೂರನ್ನೂ ಬಿಚ್ಚಿ, ಮತ್ತೆ ಇಸ್ತ್ರಿ ಹಾಕಿ, ಅವನ ಹಾಗೇ ಮಡಿಸಿಡುತ್ತಿದ್ದೆ. ನಾವೆಲ್ಲ ಅಂಗಿಯ ಬಲತೋಳನ್ನು ಮೊದಲು ಮಡಿಸಿದರೆ ಅವನು ಎಡತೋಳನ್ನು ಮೊದಲು ಮಡಿಸುತ್ತಾನೆ. ಈ ಕಳ್ಳಾಟ ಇಪ್ಪತ್ತು ದಿನ ನಡೆಯಿತು. ಅವನಿಗೆ ಊಟ ಸೇರತೊಡಗಿತು. ಒಂದು ದಿನ ನನ್ನನ್ನು ಬಚ್ಚಲಿನಿಂದ ಹೊರಗೆ ಕಳಿಸಿ ತಾನೇ ಸ್ನಾನ ಮಾಡಿದ. ಡಾಕ್ಟರ ಮಾತ್ರೆಗಿಂತ ನನ್ನ ಸುಳ್ಳೇ ವಾಸಿ ಎಂದು ಬೀಗಿದೆ.

ಎದುರುಮನೆಯ ಮೇಷ್ಟ್ರು ಅಂಗಿ ಒಯ್ಯಲು ಬಂದರು. “ಸಾವಿನ ಬಾಯಿಗೆ ಹೋಗಿ ಬಂದ್ರೂ ನಿನ್ನ ಕೈ ಹಾಗೇ ಇದೆಯಲ್ಲಯ್ಯಾ!” ಎಂದರು. ನನ್ನ ತಮ್ಮ ಹಿಗ್ಗಿ ಅಂಗಿಯನ್ನು ತಿರುಗಿಸಿ ನೋಡಿದ. ಮೊದಲು ಮಡಿಸಿದ್ದು ಬಲತೋಳು. ಹಿಂದಿನ ದಿನ ಒಲೆಯ ಮೇಲೆ ಹಾಲಿಟ್ಟು, ಆ ಗಡಿಬಿಡಿಯಲ್ಲಿ ಮೈಮರೆತು ನನ್ನ ಹಾಗೆ ಮಡಿಸಿಬಿಟ್ಟಿದ್ದೆ.

“ಹೌದು ಮೇಷ್ಟ್ರೇ” ಎಂದು ಅಂಗಿ ಕೊಟ್ಟು ಕಳಿಸಿದ.

ಅವನು ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ನನ್ನ ನಾಲಿಗೆ ಉದ್ದವೆಂದು ಬೀದಿಗೇ ಗೊತ್ತು. ಅವನು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಹೇಳಿದ: “ಆಸ್ಪತ್ರೇಲಿ ನನ್ನ ಉಸಿರು ಮೆಷಿನ್ ಆಡ್ತು. ಇಲ್ಲಿ ನನ್ನ ಕೆಲಸ ನೀನು ಮಾಡ್ತಿದೀಯ. ಹಾಗಾದ್ರೆ ವಾಪಸ್ ಬಂದಿದ್ದು ಯಾರಕ್ಕ?”

ಅವನಿಗೆ ಒಳ್ಳೆಯದು ಮಾಡಲು ಹೋಗಿ ಇದ್ದದ್ದನ್ನೂ ಕಿತ್ತುಕೊಂಡಿದ್ದೆ.

ಮರುದಿನ ಬೆಳಗ್ಗೆ ಮೇಷ್ಟ್ರ ಇನ್ನೊಂದು ಅಂಗಿಯನ್ನು ಮೇಜಿನ ಮೇಲೆ ಹಾಸಿದ. “ನೀನು ಮುಟ್ಟಬೇಡ” ಎಂದ. ನನ್ನ ಕೈ ಸುಮ್ಮನಿರುವ ಕೈಯಲ್ಲ. ಎರಡನ್ನೂ ತೊಡೆಯ ಕೆಳಗೆ ಅದುಮಿಕೊಂಡು ಕೂತೆ. ಕಾಲರಿಗೇ ಅರ್ಧ ಗಂಟೆ ಹಿಡಿಯಿತು. ಎರಡು ಸಲ ಪೆಟ್ಟಿಗೆ ಇಳಿಸಿ ಗೋಡೆಗೆ ಒರಗಿದ. ಕೊನೆಗೆ ಎಡತೋಳನ್ನು ಮೊದಲು ಮಡಿಸಿ ನನ್ನ ಮುಂದೆ ಹಿಡಿದ.

“ಹೇಗಿದೆ ಅಕ್ಕ?”

“ಸೊಟ್ಟ ಇದೆ ಕಣೋ.”

“ಮೊದಲಿನ ಹಾಗೆ ಇನ್ನು ಬರಲ್ಲ, ಅಲ್ವಾ?”

“ನಂಗೊತ್ತಿಲ್ಲ, ತಮ್ಮಾ.”

ಅವನು ಅತ್ತ. ಕಾಯಿಲೆ ಬಿದ್ದಾಗಿನಿಂದ ನನ್ನೆದುರು ಅತ್ತಿದ್ದು ಅದೇ ಮೊದಲು. ಸೆರಗು ಹಿಡಿದು ಅರ್ಧ ಎದ್ದಿದ್ದೆ, ಮತ್ತೆ ಕೂತೆ. ಅವನ ಎಡಗೈ ಎದೆಯವರೆಗೆ ಬಂತು, ಅಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ಮುಖ ಮುಟ್ಟಿತು. ಕಣ್ಣನ್ನು ಅವನೇ ಒರೆಸಿಕೊಂಡ.