ಗಾಲಿಕುರ್ಚಿ ಹಿಡಿದು ನಾಲ್ಕು ಊರು ದಾಟಿದ ಚಿಕ್ಕಿ

ಬೆಳಗಾಗುವ ಹೊತ್ತಿಗೆ ಎದ್ದ ಚಿಕ್ಕಿ ಮಾಡುವ ಮೊದಲ ಕೆಲಸ, ಪಕ್ಕದ ಮಂಚದ ಹೊದಿಕೆಯನ್ನು ನೋಡುವುದು. ದೀಪ ಹಾಕುವುದಿಲ್ಲ. ಕಿಟಕಿಯ ಪರದೆಯನ್ನು ಒಂದು ಗೇಣು ಸರಿಸಿ, ಬಂದಷ್ಟು ಬೆಳಕಿನಲ್ಲೇ ಹೊದಿಕೆ ಏರಿಳಿಯುತ್ತಿದೆಯೇ ಎಂದು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಏರಿತು, ಇಳಿಯಿತು. ಆಮೇಲೆಯೇ ಇವರು ಉಸಿರು ಬಿಡುವುದು. "ಇಷ್ಟು ವರ್ಷ ಆಯ್ತು, ಒಂದು ದಿನಾನೂ ಈ ಭಯ ತಪ್ಪಿಲ್ಲ," ಎನ್ನುತ್ತಾರೆ ಸಣ್ಣ ದನಿಯಲ್ಲಿ. "ಅವರ ಮುಂದೆ ಹೇಳ್ಬೇಡಿ, ಬೈತಾರೆ."

ಮಂಚದ ಮೇಲಿರುವವರು ಮೇಷ್ಟ್ರಮ್ಮ. ಶಾಲೆಯಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿದೆ, ಮಾತು ತೊದಲುತ್ತದೆ. ಚಿಕ್ಕಿ ತಮ್ಮ ಸೊಂಟಕ್ಕೆ ಅಗಲದ ಪಟ್ಟಿ ಬಿಗಿದುಕೊಂಡು, ಅವರ ಕಂಕುಳಲ್ಲಿ ಕೈ ತೂರಿಸಿ, "ಹೂಂ, ಈಗ" ಎಂದು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುತ್ತಾರೆ. ಇವರ ಕತೆ ಬರೆದುಕೊಳ್ಳಲು ಬಂದು ಕುಳಿತ ನನ್ನತ್ತ ನೋಡಿ ಮೇಷ್ಟ್ರಮ್ಮ ಏನೋ ಅನ್ನುತ್ತಾರೆ. ನನಗೆ ಒಂದಕ್ಷರವೂ ತಿಳಿಯುವುದಿಲ್ಲ. "ನಿಮ್ಮ ಪೆನ್ನು ಸೋರ್ತಿದೆಯಂತೆ, ಅಂಗಿ ಜೇಬು ನೋಡ್ಕೋಬೇಕಂತೆ," ಎಂದು ಚಿಕ್ಕಿ ನಗು ತಡೆಯುತ್ತಾರೆ. ನೋಡಿಕೊಂಡರೆ ನಿಜ.

ಚಿಕ್ಕಿ ಎಂಬುದು ಇವರ ಅಕ್ಕನ ಮಗಳು ಕರೆಯುತ್ತಿದ್ದ ಹೆಸರು. ಅಕ್ಕ ತೀರಿಕೊಂಡ ಮೇಲೆ ಆ ಮಗುವನ್ನು ಸಾಕಿದವರು ಇವರೇ. ಬಟ್ಟೆ ಹೊಲಿಯುವ ಕಾರ್ಖಾನೆ ಬಾಗಿಲು ಹಾಕಿದಾಗ ಆಸ್ಪತ್ರೆಯಲ್ಲಿ ಆಯಾ ಆದರು. ಅಲ್ಲಿಂದ ನರ್ಸೊಬ್ಬರು ಈ ಮನೆಗೆ ಕಳಿಸಿದರು. ಮಗು ದೊಡ್ಡದಾಗಿ, ಮದುವೆಯಾಗಿ ಹೋದರೂ ಹೆಸರು ಇವರ ಜೊತೆಯಲ್ಲೇ ಉಳಿಯಿತು. ಈಗ ಮೇಷ್ಟ್ರಮ್ಮನ ಮಗಳಿಗೂ ಇವರು ಚಿಕ್ಕಿಯೇ, ಕೆಳಗಿನ ಕಾವಲುಗಾರನಿಗೂ ಚಿಕ್ಕಿಯೇ.

ಇಂಥ ಚಿಕ್ಕಿ ಕಳೆದ ವರ್ಷ ವಿಮಾನ ಹತ್ತಿದರು. ಪಾಠದಲ್ಲಿ ಹೇಳುತ್ತಲೇ ಬಂದ ವಿದೇಶದ ಹಳೆಯ ಊರುಗಳನ್ನು ಕಣ್ಣಾರೆ ನೋಡಬೇಕೆಂಬುದು ಮೇಷ್ಟ್ರಮ್ಮನ ಆಸೆ. ಅಮ್ಮ, ತಾನು, ಚಿಕ್ಕಿ ಮೂವರೂ ಪ್ರವಾಸದ ಗುಂಪೊಂದರ ಜೊತೆ ಹೋಗಿಬರುವುದೆಂದು ಮಗಳು ಏರ್ಪಾಡು ಮಾಡಿದ್ದರು. ಹೊರಡುವುದು ಇನ್ನೇನು ನಾಳೆ ನಾಡಿದ್ದು ಎನ್ನುವಾಗ ಮಗಳು ಬಚ್ಚಲಲ್ಲಿ ಜಾರಿ ಪಾದದ ಮೂಳೆ ಮುರಿದುಕೊಂಡರು. ಪ್ರವಾಸ ಬೇಡವೆಂದಾಯಿತು. ಮೇಷ್ಟ್ರಮ್ಮ ಅನ್ನದ ತಟ್ಟೆ ದೂರ ತಳ್ಳಿ ಗೋಡೆ ಕಡೆ ತಿರುಗಿದರು. ಮಾರನೆಯ ದಿನವೂ ಅದೇ ಹಟ.

"ನೀವಿಬ್ಬರೇ ಹೋಗಿಬರ್ತೀರಾ ಚಿಕ್ಕಿ? ಗುಂಪಿದೆ, ಮ್ಯಾನೇಜರ್ ಇದ್ದಾರೆ," ಎಂದು ಮಗಳು ಕೇಳಿದರು.

"ನಾವಿಬ್ಬರೇನಾ ಅಂದೆ," ಎನ್ನುತ್ತಾರೆ ಚಿಕ್ಕಿ. "ಪಕ್ಕದ ಬೀದಿಗೆ ಹೋದ್ರೂ ವಾಪಸ್ ದಾರಿ ಕೇಳೋಳು ನಾನು. ಆದ್ರೆ ಅಮ್ಮಾವ್ರು ಮಂಚದಿಂದ ನನ್ನನ್ನೇ ನೋಡ್ತಿದ್ರು. ಹೂಂ ಅಂದುಬಿಟ್ಟೆ."

ನೋಡಿದ ಊರುಗಳ ಹೆಸರು ಅವರ ನಾಲಿಗೆಯಲ್ಲಿ ಹೊರಳುವುದಿಲ್ಲ. ಅದಕ್ಕೆ ತಾವೇ ಹೆಸರಿಟ್ಟಿದ್ದಾರೆ. ಸೇತುವೆಗಳಿಗೆ ಹೆಸರಾದ ಮೊದಲ ಊರು 'ಮೆಟ್ಟಿಲೂರು'. ಪ್ರತಿ ಸೇತುವೆಗೂ ಹತ್ತುವ ಮೆಟ್ಟಿಲು, ಇಳಿಯುವ ಮೆಟ್ಟಿಲು. ಗಡಿಯಾರ ಗೋಪುರವಿರುವ ಎರಡನೆಯದು 'ಕಲ್ಲೂರು'. ಅಲ್ಲಿನ ಬೀದಿಗೆ ಹಾಸಿದ ಉರುಟು ಕಲ್ಲುಗಳ ಮೇಲೆ ಕುರ್ಚಿ ಗಡಗಡ ಎನ್ನುತ್ತಿತ್ತು. ಮೇಷ್ಟ್ರಮ್ಮನ ಹಲ್ಲು ಕಟಕಟ ಎನ್ನುತ್ತಿತ್ತು. ಅವರು ಗೋಪುರ ನೋಡಿದರು, ಇವರು ಗಾಲಿ ನೋಡಿದರು. ಬಾತ್‌ರೂಮ್ ಬಾಗಿಲಿನ ಅಗಲ, ಮಾತ್ರೆಯ ಹೊತ್ತು, ಗುಂಪು ಎಷ್ಟು ಮುಂದೆ ಹೋಯಿತು, ಕುತ್ತಿಗೆಗೆ ತೂಗಿಸಿದ ಚೀಲದಲ್ಲಿ ಇಬ್ಬರ ಪಾಸ್‌ಪೋರ್ಟೂ ಇದೆಯೇ: ಇಷ್ಟೇ ಚಿಕ್ಕಿಯ ದಿನ. ಚೀಲವನ್ನು ಮುಟ್ಟಿ ಮುಟ್ಟಿ ಅದರ ಜಿಪ್ಪೇ ಕಿತ್ತುಬಂತಂತೆ.

ಮೂರನೆಯದು 'ರೈಲೂರು'. ಆ ಹೆಸರು ಹೇಳುವಾಗ ಇಂದಿಗೂ ಅವರ ಕೈ ಸುಮ್ಮನೆ ಕುತ್ತಿಗೆಗೆ ಹೋಗುತ್ತದೆ.

ಅರಮನೆ ನೋಡಲು ಗುಂಪು ನೆಲದಡಿಯ ರೈಲಿನಲ್ಲಿ ಹೊರಟಿತ್ತು. ಮ್ಯಾನೇಜರೂ ಉಳಿದವರೂ ಮುಂದಿನ ಡಬ್ಬಿ ಹತ್ತಿಯಾಗಿತ್ತು. ಚಿಕ್ಕಿ ಕುರ್ಚಿಯ ಮುಂದಿನ ಗಾಲಿ ಎತ್ತಿ, ಸಂದು ದಾಟಿಸಿ, ಮೇಷ್ಟ್ರಮ್ಮನನ್ನು ಒಳಗೆ ತಳ್ಳಿದರು. ಹೆಗಲಿನಿಂದ ಮಾತ್ರೆಯ ಚೀಲ ಜಾರಿ ಹಿಂದೆ ಪ್ಲಾಟ್‌ಫಾರ್ಮಿಗೆ ಬಿತ್ತು. ಬಗ್ಗಿ ಎತ್ತಿಕೊಂಡು ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

"ಗಾಜು ಬಡಿದೆ, ಕೂಗಿದೆ. ರೈಲು ಹೊರಟೇ ಹೋಯ್ತು. ಅವರ ಪಾಸ್‌ಪೋರ್ಟ್ ನನ್ನ ಹತ್ರ, ಮಾತ್ರೆ ನನ್ನ ಹತ್ರ. ಅವರ ಮಾತು ಅಲ್ಲಿ ಯಾರಿಗೆ ಗೊತ್ತಾಗ್ಬೇಕು? ನನ್ನ ಫೋನೋ, ಹೋಟೆಲ್ ಬಿಟ್ರೆ ಎಲ್ಲೂ ಕೆಲಸ ಮಾಡ್ತಿರ್ಲಿಲ್ಲ."

ಪ್ಲಾಟ್‌ಫಾರ್ಮಿನಲ್ಲಿ ಹೆಂಗಸೊಬ್ಬಳು ನೆಲ ಒರೆಸುತ್ತಿದ್ದಳು. ಚಿಕ್ಕಿ ಓಡಿಹೋಗಿ ಅವಳ ತೋಳು ಹಿಡಿದರು. "ಅಕ್ಕಾ, ನಮ್ಮಮ್ಮಾವ್ರು ಹೋಗಿಬಿಟ್ರು, ಅಕ್ಕಾ." ಅವಳಿಗೆ ಕನ್ನಡವೆಲ್ಲಿ ಬರಬೇಕು? ಚಿಕ್ಕಿ ಗಾಳಿಯಲ್ಲೇ ಕುರ್ಚಿ ತಳ್ಳಿ ತೋರಿಸಿದರು, ಒಂದು ಕೈ ಜೋಲು ಬಿಟ್ಟು ಬಾಯಿ ಓರೆ ಮಾಡಿ ತೋರಿಸಿದರು, ರೈಲು ಹೋದ ಸುರಂಗದ ಕಡೆ ಬೆರಳು ಮಾಡಿ ಅಳತೊಡಗಿದರು. ಹೆಂಗಸು ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು. ಗೋಡೆಯ ಫೋನಿನಲ್ಲಿ ಯಾರ ಬಳಿಯೋ ಜೋರುಜೋರಾಗಿ ಮಾತಾಡಿದಳು. ಮುಂದಿನ ರೈಲು ಬಂದಾಗ ಚಿಕ್ಕಿಯ ಮಣಿಕಟ್ಟು ಹಿಡಿದು ತಾನೂ ಹತ್ತಿದಳು.

"ಅವಳ ಕೈ ಫಿನಾಯಿಲ್ ವಾಸನೆ ಬರ್ತಿತ್ತು. ನಮ್ಮ ಆಸ್ಪತ್ರೆ ವಾರ್ಡಿನದೇ ವಾಸನೆ. ಆಗ ಒಂಚೂರು ಜೀವ ಬಂತು ನೋಡಿ."

ಮುಂದಿನ ನಿಲ್ದಾಣದಲ್ಲಿ ಬಾಗಿಲು ತೆರೆದರೆ, ಎದುರಿಗೇ ಗಾಲಿಕುರ್ಚಿ. ಅದರ ಪಕ್ಕದಲ್ಲಿ ದಪ್ಪ ಮೀಸೆಯ ಮುದುಕನೊಬ್ಬ ಕಾವಲು ನಿಂತಿದ್ದ. ಚಿಕ್ಕಿ ಗಾಜು ಬಡಿದದ್ದನ್ನು ಕಂಡು ಅವನೇ ಮೇಷ್ಟ್ರಮ್ಮನನ್ನು ಇಳಿಸಿಕೊಂಡಿದ್ದ. ಚಿಕ್ಕಿಯ ಬಾಯಿಂದ ಮೊದಲು ಬಂದದ್ದು ಮೇಷ್ಟ್ರಮ್ಮನಿಗೆ ಬೈಗುಳ. "ಬ್ರೇಕ್ ಹಾಕ್ಕೊಂಡಿದ್ದೀರಾ? ಹಾಕ್ಕೊಂಡಿಲ್ಲ! ಹಳಿ ಮೇಲೆ ಉರುಳಿ ಹೋಗಿದ್ರೆ?" ಆಮೇಲೆ ಅಲ್ಲೇ ಕುಸಿದು, ಮೇಷ್ಟ್ರಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದರು. ಮೇಷ್ಟ್ರಮ್ಮ ಬಲಗೈಯಿಂದ ಬೆನ್ನು ಸವರುತ್ತಿದ್ದರು. ತಿರುಗಿ ನೋಡುವಷ್ಟರಲ್ಲಿ ನೆಲ ಒರೆಸುವವಳು ಎದುರಿನ ರೈಲು ಹತ್ತಿ ತನ್ನ ಕೆಲಸಕ್ಕೆ ಹೊರಟಿದ್ದಳು. ಕೈ ಬೀಸಿದಳಂತೆ, ಅಷ್ಟೇ.

ಹುಡುಕುತ್ತಾ ವಾಪಸು ಬಂದ ಮ್ಯಾನೇಜರ್ ಇಬ್ಬರನ್ನೂ ಹೋಟೆಲಿಗೆ ಸೇರಿಸಿದರು. ಸಂಜೆ ಅಲ್ಲಿಂದ ಮಗಳಿಗೆ ಫೋನ್ ಮಾಡಿ ಚಿಕ್ಕಿ ಎಲ್ಲವನ್ನೂ ಹೇಳಿದರು. ಮುಚ್ಚಿಡಬಹುದಿತ್ತು. "ನಾಳೆ ಅವರಿಗೆ ಏನಾದ್ರೂ ಆದ್ರೆ? ಹೇಳ್ದೆ ಇದ್ರೆ ನಂಗೆ ಅನ್ನ ಇಳೀತಿರ್ಲಿಲ್ಲ." ಕೆಲಸ ಹೋಯಿತೆಂದೇ ಚಿಕ್ಕಿ ಅಂದುಕೊಂಡರು. ಆದರೆ ಮಗಳು ಅಂದದ್ದು ಇಷ್ಟೇ: "ಊಟ ಮಾಡಿದ್ರಾ ಚಿಕ್ಕಿ? ಸಾಕು, ಬಂದುಬಿಡಿ. ನಾಳೆಗೇ ಟಿಕೆಟ್ ಮಾಡಿಸ್ತೀನಿ."

ಚಿಕ್ಕಿಗೂ ಬೇಕಾಗಿದ್ದುದು ಅದೇ. ಮನೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡರೆ ಸಾಕಾಗಿತ್ತು. ಆದರೆ ಫೋನಿನ ಮಾತು ಮಂಚದವರೆಗೂ ಕೇಳಿಸಿತ್ತು. ಮೇಷ್ಟ್ರಮ್ಮ ಈ ಸಲ ಹಟ ಮಾಡಲಿಲ್ಲ, ಗೋಡೆ ಕಡೆ ತಿರುಗಲಿಲ್ಲ. ತಲೆಯಾಡಿಸಿ 'ಆಗಲಿ' ಅಂದರು.

"ಅದನ್ನ ನೋಡೋಕಾಗ್ಲಿಲ್ಲ. ಹಟ ಮಾಡಿದ್ರೆ ಬೈಯಬಹುದಿತ್ತು. 'ಒಂದೇ ಊರು ಉಳಿದಿದೆ, ಮುಗಿಸ್ಕೊಂಡೇ ಬರ್ತೀವಿ' ಅಂತ ಮಗಳಿಗೆ ಹೇಳ್ಬಿಟ್ಟೆ. ಅವತ್ತು ಅವರ ಮಂಚಕ್ಕೂ ನನ್ನ ಕೈಗೂ ಒಂದು ವೇಲು ಕಟ್ಕೊಂಡೇ ಮಲಗಿದ್ದು."

ಕೊನೆಯ ಊರಿನಲ್ಲಿ ಇರುವುದು ಕಲ್ಲಿನ ಬಯಲು ರಂಗಮಂದಿರ. ಗುಂಪಿನವರು ಮೆಟ್ಟಿಲು ಹತ್ತಿ ಕುಳಿತರು. ಕುರ್ಚಿ ಹತ್ತುವಂತಿರಲಿಲ್ಲ, ಇವರಿಬ್ಬರೂ ಕೆಳಗೆ, ನಟರು ನಿಲ್ಲುತ್ತಿದ್ದ ಜಾಗದಲ್ಲೇ ಉಳಿದರು. ಚಿಕ್ಕಿ ಗಾಲಿಗೆ ಬ್ರೇಕ್ ಹಾಕಿ, ಅದು ಬಿದ್ದಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಿದ್ದಾಗ ಮೇಷ್ಟ್ರಮ್ಮ ಮಾತು ಶುರು ಮಾಡಿದರು. ಬೆನ್ನು ನೆಟ್ಟಗಾಗಿತ್ತು. ಬಲಗೈ ಇಲ್ಲದ ಹಲಗೆಯ ಮೇಲೆ ಬರೆಯುವಂತೆ ಆಡುತ್ತಿತ್ತು. 'ಜೋರಾಗಿ ಹೇಳು' ಎಂದು ಚಿಕ್ಕಿಗೆ ಸನ್ನೆ ಮಾಡಿದರು.

"ಶಾಲೇಲಿ ಎದ್ದು ನಿಂತು ಹೆಸರು ಹೇಳು ಅಂದ್ರೇ ಬೆವರೋಳು ನಾನು. ಅಷ್ಟು ಜನರ ಮುಂದೆ! ಮೊದಲನೇ ಮಾತನ್ನ ಅವರಿಗೆ ಮಾತ್ರ ಕೇಳೋ ಹಾಗೆ ಹೇಳ್ದೆ."

ಎರಡನೆಯ ಮಾತು ಜೋರಾಗಿ ಹೊರಬಂತು. ಇಲ್ಲಿ ಅರಸನೂ ಕೂಲಿಯವನೂ ಒಂದೇ ನಾಟಕಕ್ಕೆ ನಗುತ್ತಿದ್ದರು, ಕೂರುವ ಕಲ್ಲು ಮಾತ್ರ ಬೇರೆಯಾಗಿತ್ತು ಎಂದು ಮೇಷ್ಟ್ರಮ್ಮ ತೊದಲಿದರು. ಅದನ್ನೇ ಚಿಕ್ಕಿ ಬಿಡಿಸಿ ಹೇಳಿದರು. ಆ ಕಲ್ಲುಗಳ ನಡುವೆ ದನಿ ಕೊನೆಯ ಸಾಲಿನವರೆಗೂ ಹೋಯಿತು. ಮ್ಯಾನೇಜರ್ ತಮ್ಮ ವಿವರಣೆ ನಿಲ್ಲಿಸಿ, ಟೋಪಿ ತೆಗೆದು ಮೆಟ್ಟಿಲ ಮೇಲೆ ಕುಳಿತರು. ಇಬ್ಬರು ಸೇರಿ ಹೇಳಿದ ಆ ಪಾಠ ಬಿಸಿಲು ತಿರುಗುವವರೆಗೂ ನಡೆಯಿತಂತೆ. "ನಂಗೆ ಅರ್ಥ ಆಗದ್ದೂ ಹೇಳ್ದೆ," ಎನ್ನುತ್ತಾರೆ ಚಿಕ್ಕಿ. "ಒಂದು ಮಾತೂ ಬಿಡ್ಲಿಲ್ಲ."

ಚಿಕ್ಕಿ ನನಗೆ ಇದೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಮನೆಯಲ್ಲಿ ಬೆಳಗಿನ ವಿಹಾರದ ಸಮಯ. ಮೂವರೂ ಲಿಫ್ಟ್‌ನ ಮುಂದೆ ನಿಲ್ಲುತ್ತೇವೆ. ಬಾಗಿಲು ತೆರೆದಾಗ ಚಿಕ್ಕಿ ಕುರ್ಚಿಯನ್ನು ತಳ್ಳುವುದಿಲ್ಲ. ಸುತ್ತಿ ಮುಂದಕ್ಕೆ ಬಂದು, ಮೊದಲು ತಾವು ಒಳಗೆ ಕಾಲಿಟ್ಟು, ಕುರ್ಚಿಯ ಎರಡೂ ತೋಳು ಹಿಡಿದು ಮೆಲ್ಲಗೆ ಎಳೆದುಕೊಳ್ಳುತ್ತಾರೆ. ಆ ರೈಲಿನ ನಂತರ ಯಾವ ಬಾಗಿಲಾದರೂ ಹೀಗೇ. ಸೊಂಟಕ್ಕೆ ಇದು ಒಳ್ಳೆಯದಲ್ಲವೆಂದು ಡಾಕ್ಟರು ಎಷ್ಟೋ ಸಲ ಹೇಳಿದ್ದಾರಂತೆ.

"ಹೇಳ್ಲಿ ಬಿಡಿ," ಎನ್ನುತ್ತಾರೆ ಚಿಕ್ಕಿ, ಒಂದೊಂದೇ ಹೆಜ್ಜೆ ಹಿಂದಿಡುತ್ತಾ. "ತಳ್ಳುವಾಗ ಬರೀ ಅವರ ಜಡೆ ಕಾಣ್ತಿತ್ತು. ಹೀಗೆ ಎಳೆದ್ರೆ ಮುಖ ಕಾಣುತ್ತೆ."