ದೇವರ ದನಗಳ ವಾರಸುದಾರಿಕೆಯ ವಿಷಯವಾಗಿ

ಸಿದ್ದಾಪುರದ ಮೇಲಣ ಹಟ್ಟಿಯ ಕಿಲಾರಿ ಓಬಯ್ಯನವರಿಗೆ — ತಾವು ಕಾಯುತ್ತಿದ್ದ ದೇವರ ದನಗಳಿಗೆ ವಾರಸುದಾರರಿಲ್ಲವೆಂದು ಬರೆದವನು ನಾನು. ಆ ಬರಹದ ಕೆಳಗೆ ತಮ್ಮ ಹೆಬ್ಬೆಟ್ಟು ಒತ್ತಿಸಿಕೊಂಡವನೂ ನಾನೇ. ಮೊಳಕಾಲ್ಮೂರಿನ ತಾಲ್ಲೂಕು ಕಚೇರಿಯ ಗುಮಾಸ್ತನಾದ ನಾನು ಅನ್ಯರ ಅರ್ಜಿಗಳನ್ನು ನಕಲು ಮಾಡಿದ್ದೇನೆಯೇ ಹೊರತು ಸ್ವಂತದ್ದೊಂದು ಸಾಲನ್ನೂ ಬರೆದವನಲ್ಲ. ಆದ್ದರಿಂದ ನನಗೆ ತಿಳಿದ ಅರ್ಜಿಯ ಕ್ರಮದಲ್ಲಿಯೇ ನಿವೇದಿಸುತ್ತೇನೆ.

ಸದರಿ ಸಂಗತಿ ನಡೆದು ಹನ್ನೆರಡು ವರ್ಷವಾಯಿತು. ಸರ್ಕಾರದ ಮೀಸಲು ಹುಲ್ಲುಗಾವಲಾದ ಕಾವಲಿನಲ್ಲಿ ಹುಲ್ಲಿಗೆ ಬಾಯಿಟ್ಟವೆಂದು ಮೂವತ್ತೊಂದು ರಾಸುಗಳನ್ನು ದೊಡ್ಡಿಗೆ ಕೂಡಿದ್ದರು. ವಾರಸುದಾರನು ಬಂದು ಹೆಸರು ಬರೆಸಿದರೆ ಬಿಡುವುದು ರೂಢಿ. ತಾವು ಬರಿಗಾಲಿನಲ್ಲಿ ಕಚೇರಿಯ ಮೆಟ್ಟಿಲ ಕೆಳಗೆ ನಿಂತಿದ್ದಿರಿ. ಯಾರ ದನವೆಂದು ಕೇಳಿದೆ.

"ದೇವ್ರವು ಸ್ವಾಮಿ. ನನ್ನವು ಅಂದ್ರೆ ನಾಲ್ಗೆ ಬಿದ್ದೋಗ್ತೈತೆ."

"ಹಂಗಾದ್ರೆ ಆ ದೇವ್ರನ್ನೇ ಕರ್ಕೊಂಡ್ ಬಾರಲೇ, ಹೆಬ್ಬೆಟ್ಟು ಒತ್ಲಿ" ಎಂದು ಜವಾನ ನಕ್ಕ.

"ಆತ ಬಂದ್ರೆ ನೀನು ಎದ್ದು ನಿಂತ್ಕಬೇಕಾಗ್ತೈತೆ, ಅದ್ಕೇ ನನ್ನ ಕಳ್ಸವ್ನೆ" ಎಂದಿರಿ ತಾವು.

ನಾನೂ ನಕ್ಕೆ. ನಕ್ಕು, ಬರೆದೆ — ವಾರಸುದಾರರಿಲ್ಲ. ಅಂಥ ದನವು ಸರ್ಕಾರದ ಹಿಂಡಿಗೆ ಸೇರತಕ್ಕದ್ದೆಂಬ ನಿಯಮ ನನಗೆ ತಿಳಿದಿತ್ತು. ದೇವರ ದನ ಇಡೀ ಹಟ್ಟಿಯದು, ಒಬ್ಬನೂ ತನ್ನದೆನ್ನಬಾರದೆಂಬ ತಮ್ಮ ಕಟ್ಟಳೆಯೂ ತಿಳಿದಿತ್ತು. 'ಹಟ್ಟಿಯವರೆಲ್ಲರ ಪರವಾಗಿ ಕಿಲಾರಿ ಓಬಯ್ಯ' ಎಂದು ಬರೆಯಲು ಹಾಳೆಯಲ್ಲಿ ಜಾಗವಿತ್ತು. ಆದರೆ ಅಮಲ್ದಾರರಿಗೆ ಸರ್ಕಾರದ ಹಿಂಡು ಬೆಳೆಯಬೇಕಿತ್ತು, ನನಗೆ ಅವರ ಮೆಚ್ಚುಗೆ —

"ಏನ್ ಬರ್ದ್ರಿ ಸ್ವಾಮಿ?"

"ನೀನು ಹೇಳಿದ್ದನ್ನೇ" ಎಂದೆ.

ತಾವು ನಂಬಿ ಹೆಬ್ಬೆಟ್ಟು ಒತ್ತಿದಿರಿ. ಮೂರನೆಯ ದಿನ ದೊಡ್ಡಿಯಲ್ಲಿ ರಾಸುಗಳಿಗೆ ಸರ್ಕಾರದ ಬರೆ ಹಾಕಿದರು. ತಾವು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದಿರಿ. ಕಡೆಗೆ ಮುದಿ ಎತ್ತೊಂದರ ಸುಟ್ಟ ತೊಡೆಯ ಮೇಲೆ ತಮ್ಮ ಕಂಬಳಿ ಹೊದಿಸಿದಿರಿ. ಆ ಎತ್ತು ಕಂಬಳಿಯ ಸಮೇತ ಸರ್ಕಾರದ ಹಿಂಡಿನೊಡನೆ ಚಳ್ಳಕೆರೆಯ ಹಾದಿ ಹಿಡಿಯಿತು. ನಾನು ನೋಡಿದೆ.

ಆಗ ಸರ್ಕಾರವೆಂಬುದು ಜಟಿಂಗ ರಾಮೇಶ್ವರನ ಬೆಟ್ಟದಂತೆ ಮೊದಲಿನಿಂದ ಇದ್ದದ್ದೆಂದು ಭಾವಿಸಿದ್ದೆ. ಈಗ ದೃಢವಾಗಿ ಅರಿಕೆ ಮಾಡುತ್ತೇನೆ: ಹಟ್ಟಿ ಮೊದಲು, ಕಚೇರಿ ಆಮೇಲೆ. ಪುಸ್ತಕದಲ್ಲಿ ಹೆಸರಿಲ್ಲದ ಮಾತ್ರಕ್ಕೆ ಯಾವುದೂ ಸರ್ಕಾರದ್ದಾಗದು. ಹಾಳೆಯ ಅಳತೆಗೆ ಸರಿಹೊಂದಲೆಂದು ಮನುಷ್ಯನು ತನ್ನ ನೇಮವನ್ನು ಕತ್ತರಿಸಿಕೊಡಬೇಕಾಗಿಲ್ಲ. ಸರ್ಕಾರಕ್ಕೆ ಸ್ವಂತ ಕೈಯಿಲ್ಲ; ನನ್ನಂಥವರು ಕೊಟ್ಟದ್ದೇ ಅದರ ಕೈ. ಯಾರೂ ನನ್ನ ಮಣಿಕಟ್ಟು ಹಿಡಿದು ಬರೆಸಲಿಲ್ಲ. ನಾನಾಗಿ ಕೊಟ್ಟೆ.

ತಮ್ಮ ಹಟ್ಟಿಯಲ್ಲಿ ದೇವರ ದನ ಮತ್ತೆ ಹೆಚ್ಚಿವೆ. ಬರುವ ಸೋಮವಾರ ಕಾವಲಿನಲ್ಲಿ ಮೇಯುವ ರಾಸುಗಳ ಪಟ್ಟಿ ಬರೆಯಬೇಕೆಂದು ಹುಕುಂ ಆಗಿದೆ. ಬರೆಯುವ ಕೆಲಸ ಪುನಃ ನನ್ನದೇ. ಈ ಸಾರಿ ಹಟ್ಟಿಯ ಒಬ್ಬೊಬ್ಬರ ಹೆಸರನ್ನೂ, ಕೂಸುಗಳದ್ದನ್ನೂ ಬಿಡದೆ, ವಾರಸುದಾರರೆಂದು ಬರೆಯುತ್ತೇನೆ. ಅದರೊಡನೆ ಹಳೆಯ ಸುಳ್ಳಿನ ವಿವರವುಳ್ಳ ಈ ಕಾಗದದ ನಕಲನ್ನೂ ಅಮಲ್ದಾರರ ಮುಂದಿಡುತ್ತೇನೆ. ನೌಕರಿ ಹೋಗುವುದು ಖಂಡಿತ. ಹೋಗಲಿ.

ಈ ಅರ್ಜಿ ಕ್ಷಮೆ ಕೇಳಲಿಕ್ಕಲ್ಲ. ತಮಗೆ ಓದು ಬಾರದೆಂಬುದನ್ನು ಅಂದು ಬಳಸಿಕೊಂಡವನು ನಾನು. ಆದ್ದರಿಂದ ಭಾನುವಾರ ಹಟ್ಟಿಗೆ ಬಂದು, ಎಲ್ಲರೂ ಕೇಳುವಂತೆ ಇದನ್ನು ಮೊದಲಿನಿಂದ ಕಡೆಯವರೆಗೆ ನಾನೇ ಓದುತ್ತೇನೆ. ಕೆಳಗೆ ನನ್ನ ರುಜು ಮಾತ್ರ ಇದೆ. ತಮ್ಮ ಹೆಬ್ಬೆಟ್ಟಿಗೆ ಜಾಗ ಬಿಟ್ಟಿಲ್ಲ.